ಅಂಗಡಿ ತಂಪಾಗಿದೆ, ಗಾಳಿ ಹೇಗಿದೆ?

ಕಳೆದ ಬೇಸಿಗೆಯ ಮಾತು. ದಾವಣಗೆರೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಇಪ್ಪತ್ತೆರಡರ ಹುಡುಗಿ ತಾಯಿಯೊಡನೆ ನನ್ನ ಕ್ಲಿನಿಕ್ಕಿಗೆ ಬಂದಿದ್ದಳು. ಎರಡು ತಿಂಗಳಿಂದ ತಲೆನೋವು, ಮೂಗು ಕಟ್ಟುವುದು, ಕಣ್ಣುರಿ. ಸಂಜೆಯಾದರೆ ಮೈಯೆಲ್ಲ ಭಾರ. ಕಣ್ಣಿನ ವೈದ್ಯರು ನೋಡಿ ಕನ್ನಡಕ ಬೇಡವೆಂದಿದ್ದರು. ರಕ್ತ ಪರೀಕ್ಷೆಯಲ್ಲಿ ಸ್ವಲ್ಪ ರಕ್ತಹೀನತೆ ಬಿಟ್ಟರೆ ಬೇರೇನೂ ಇರಲಿಲ್ಲ. ತಾಯಿ ತಂದಿದ್ದ ಚೀಟಿಗಳ ಕಟ್ಟನ್ನು ತಿರುವಿ ಹಾಕುತ್ತ, "ತಲೆನೋವು ಇಲ್ಲದ ದಿನ ಯಾವುದಮ್ಮಾ?" ಎಂದು ಕೇಳಿದೆ. ಹುಡುಗಿ ಸ್ವಲ್ಪ ಯೋಚಿಸಿ, "ಅಂಗಡಿ ರಜೆ ಇದ್ದ ದಿನ ಇರಲ್ಲ ಸರ್" ಎಂದಳು.

"ಅಂಗಡಿಯಲ್ಲಿ ಎ.ಸಿ. ಇದೆಯೇ?"

"ಇದೆ ಸರ್. ಬೆಳಿಗ್ಗೆ ಹತ್ತಕ್ಕೆ ಹಾಕಿದರೆ ರಾತ್ರಿ ಒಂಬತ್ತರವರೆಗೂ ಇರ್ತದೆ."

"ಕಿಟಕಿ?"

"ಕಿಟಕಿ ಎಲ್ಲಿ ಸರ್, ಸುತ್ತ ಗೋಡೆಗೆಲ್ಲ ಸೀರೆ ಜೋಡಿಸಿದ್ದಾರೆ."

"ಎ.ಸಿ. ತೊಳೆಸಿ ಎಷ್ಟು ದಿನವಾಯಿತು?"

"ತಣ್ಣಗೆ ಬರ್ತಾ ಇದೆಯಲ್ಲ ಸರ್, ಯಾಕೆ ತೊಳೆಸ್ತಾರೆ?"

ಈ ವಾರ ನಾನು ಬರೆಯಬೇಕೆಂದಿರುವುದು ಆ ಕೊನೆಯ ಮಾತಿನ ಬಗ್ಗೆ. ಬಟ್ಟೆ ಅಂಗಡಿ, ಔಷಧದಂಗಡಿ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ, ಟ್ಯೂಷನ್ ಕೋಣೆ, ಜೆರಾಕ್ಸ್ ಅಂಗಡಿ, ನನ್ನಂಥವರ ಕ್ಲಿನಿಕ್ಕು - ಎಲ್ಲ ಕಡೆಯೂ ಈಗ ಎ.ಸಿ. ಬಂದಿದೆ. ಅದು ತಣ್ಣಗೆ ಬೀಸುತ್ತಿದ್ದರೆ ಎಲ್ಲವೂ ಸರಿಯಿದೆ ಎಂದು ನಾವು ತಿಳಿದಿದ್ದೇವೆ. ತಂಪೇ ಬೇರೆ, ಒಳ್ಳೆಯ ಗಾಳಿಯೇ ಬೇರೆ. ಈ ವ್ಯತ್ಯಾಸ ತಿಳಿಯದೆ ನಾವು ಯಂತ್ರವನ್ನು ಸಾಕುತ್ತಿದ್ದೇವೆ, ಅದರ ಕೆಳಗೆ ದಿನಕ್ಕೆ ಹತ್ತು ಗಂಟೆ ನಿಲ್ಲುವವರನ್ನು ಮರೆತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಯಂತ್ರ ಮಾಡುವುದೇನು?

ಗೋಡೆಯ ಮೇಲಿನ ಎ.ಸಿ. ಹೊರಗಿನ ಗಾಳಿಯನ್ನು ಎಳೆದು ತಂಪು ಮಾಡಿ ಒಳಗೆ ಬಿಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಒಳಗಿನ ಪೆಟ್ಟಿಗೆಗೂ ಹೊರಗಿನ ಪೆಟ್ಟಿಗೆಗೂ ನಡುವೆ ಇರುವ ಕೊಳವೆಗಳಲ್ಲಿ ಹರಿಯುವುದು ತಂಪು ಮಾಡುವ ಅನಿಲ ಮಾತ್ರ. ಉಸಿರಾಡುವ ಗಾಳಿ ಅಲ್ಲಿ ಓಡಾಡುವುದಿಲ್ಲ. ಕೋಣೆಯ ಗಾಳಿಯನ್ನೇ ಒಳಗೆಳೆದು, ತಣ್ಣಗಿನ ಕಾಯಿಲ್ ಮೇಲೆ ಹಾಯಿಸಿ, ಅದೇ ಗಾಳಿಯನ್ನು ಅದೇ ಕೋಣೆಗೆ ಮರಳಿಸುವುದಷ್ಟೇ ಈ ಯಂತ್ರದ ಕೆಲಸ. ಹೊರಗಿನ ಪೆಟ್ಟಿಗೆ ಕೋಣೆಯ ಶಾಖವನ್ನು ಬೀದಿಗೆ ಚೆಲ್ಲುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಹಿಡಿಯುವ ಗಾಳಿ ಸುಮಾರು 34,000 ಲೀಟರ್. ಸುಮ್ಮನೆ ಕುಳಿತ ಒಬ್ಬ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈ ಆಕ್ಸೈಡ್ ಹೊರಬಿಡುತ್ತಾನೆ. ಆರು ಮಂದಿಯಾದರೆ 108 ಲೀಟರ್. ಬಯಲಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷ ಪಾಲಿಗೆ ಸುಮಾರು 420 ಪಾಲಿರುತ್ತದೆ. ಆರು ಮಂದಿ ಬಾಗಿಲು ಹಾಕಿಕೊಂಡು ಕುಳಿತರೆ, ಹೊರಗಿನ ಗಾಳಿ ಸೇರದಿದ್ದರೆ, ಒಂದೇ ಗಂಟೆಯಲ್ಲಿ ಅದು 3,500 ದಾಟುತ್ತದೆ. ಸಾವಿರದೊಳಗಿದ್ದರೆ ಗಾಳಿ ಚೆನ್ನಾಗಿ ಬದಲಾಗುತ್ತಿದೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಈ ಮಟ್ಟದ ಅನಿಲ ವಿಷವಲ್ಲ. ಆದರೆ ತೂಕಡಿಕೆ, ತಲೆಭಾರ ತರಬಲ್ಲದು. ಅದಕ್ಕಿಂತ ಮುಖ್ಯವಾಗಿ, ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಷ್ಟು ಸೇದುತ್ತಿದ್ದಾರೆ ಎಂಬುದಕ್ಕೆ ಅದೇ ಗುರುತು. ಆರು ಮಂದಿಯಲ್ಲಿ ಒಬ್ಬರಿಗೆ ಕೆಮ್ಮಿದ್ದರೆ ಉಳಿದ ಐವರ ಪಾಡೇನು ಎಂಬುದನ್ನು ನೀವೇ ಊಹಿಸಬಹುದು.

2020ರ ಜನವರಿ 24ರಂದು ಚೀನಾದ ಗುವಾಂಗ್‌ಝೌ ನಗರದ ಹೋಟೆಲೊಂದರಲ್ಲಿ ಮೂರು ಕುಟುಂಬಗಳು ಅಕ್ಕಪಕ್ಕದ ಮೇಜುಗಳಲ್ಲಿ ಊಟಕ್ಕೆ ಕುಳಿತಿದ್ದವು. ಆ ಕೋಣೆಗೆ ಕಿಟಕಿ ಇರಲಿಲ್ಲ. ಮೂರೂ ಮೇಜುಗಳು ಒಂದೇ ಎ.ಸಿ.ಯ ಗಾಳಿಯ ಸುತ್ತಿನಲ್ಲಿದ್ದವು. ಮುಂದಿನ ಎರಡು ವಾರಗಳಲ್ಲಿ, ಸೋಂಕು ತಂದವರೂ ಸೇರಿ ಆ ಕುಟುಂಬಗಳ 10 ಮಂದಿಗೆ ಕೋವಿಡ್ ಇರುವುದು ಗೊತ್ತಾಯಿತು. ಎ.ಸಿ. ಯಂತ್ರ ರೋಗವನ್ನು ಹುಟ್ಟಿಸಲಿಲ್ಲ. ಹೊಸ ಗಾಳಿ ಬಾರದ ಕೋಣೆಯಲ್ಲಿ ಇದ್ದ ರೋಗವನ್ನು ಸುತ್ತಿಸಿ ಸುತ್ತಿಸಿ ಬಡಿಸಿತು.

ನನ್ನದೇ ತಪ್ಪು

ಇದನ್ನೆಲ್ಲ ಬರೆಯುವ ನಾನು ಬುದ್ಧಿವಂತನೇನಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಕ್ಲಿನಿಕ್ಕನ್ನು ಹೊಸದು ಮಾಡಿಸಿದೆ. ಮುಂದೆ ಗಾಜಿನ ಬಾಗಿಲು, ಒಳಗೆ ಪ್ಲೈವುಡ್ ತಡಿಕೆ, ರೋಗಿಗಳು ಕಾಯುವ ಕೋಣೆಗೊಂದು, ನನ್ನ ಕೋಣೆಗೊಂದು ಎ.ಸಿ. ಬೀದಿಯ ಧೂಳು, ಲಾರಿಯ ಸದ್ದು ಬೇಡವೆಂದು ಹಳೆಯ ದೊಡ್ಡ ಕಿಟಕಿಯನ್ನು ಮುಚ್ಚಿಸಿದೆ. ನೋಡಿದವರೆಲ್ಲ ಹೊಗಳಿದರು. ನನಗೂ ಹೆಮ್ಮೆಯಾಗಿತ್ತು.

ಎರಡನೆಯ ಮಳೆಗಾಲದಲ್ಲಿ, ಹನ್ನೊಂದು ವರ್ಷದಿಂದ ನನ್ನೊಡನೆ ಇದ್ದ ಕಾಂಪೌಂಡರಿಗೆ ಕೆಮ್ಮು ಶುರುವಾಯಿತು. ನೆಗಡಿಯ ಕೆಮ್ಮೆಂದು ನಾನೇ ಸಿರಪ್ ಕೊಟ್ಟೆ. ಐದು ವಾರ ಕಳೆದರೂ ಬಿಡದಿದ್ದಾಗ ಕಫ ಪರೀಕ್ಷೆ ಮಾಡಿಸಿದೆ. ಕ್ಷಯ. ಬೇರೆಯವರಿಗೆ "ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ" ಎಂದು ಪಾಠ ಹೇಳುವ ನಾನು, ಕಣ್ಣೆದುರಿಗಿದ್ದವನ ವಿಷಯದಲ್ಲಿ ಐದು ವಾರ ತಡಮಾಡಿದ್ದೆ.

ಆ ರೋಗ ನನ್ನ ಕ್ಲಿನಿಕ್ಕಿನಲ್ಲೇ ಅವನಿಗೆ ಅಂಟಿತೆಂದು ಖಚಿತವಾಗಿ ಹೇಳಲಾರೆ. ಕ್ಷಯದ ರೋಗಾಣು ಮೈಯೊಳಗೆ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಏಳಬಹುದು. ಆದರೆ ಅಲ್ಲಿ ಅಂಟಲಿಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ಕೆಮ್ಮುವವರೇ ಬಂದು ಕೂರುವ ಜಾಗದಲ್ಲಿ ಕಿಟಕಿ ಮುಚ್ಚಿಸಿದವನು ನಾನು.

ಅದೇ ತಿಂಗಳು ಎ.ಸಿ. ಸರ್ವಿಸ್ ಮಾಡಲು ಬಂದ ಹುಡುಗ ಕೆಲಸ ಮುಗಿಸಿ, ಕೈ ಒರೆಸಿಕೊಳ್ಳುತ್ತ, "ಸರ್, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ್ರಿ. ಈ ಎ.ಸಿ. ನೀವು ಬಿಟ್ಟ ಉಸಿರನ್ನೇ ತಣ್ಣಗೆ ಮಾಡಿ ನಿಮಗೇ ಕೊಡ್ತದೆ. ಹೊರಗಿನ ಗಾಳಿ ಬರೋಕೆ ದಾರಿ ಎಲ್ಲಿ ಇಟ್ಟೀರಿ?" ಎಂದ. ಐ.ಟಿ.ಐ. ಓದಿದ ಹುಡುಗ. ಎಂ.ಬಿ.ಬಿ.ಎಸ್. ಓದಿದ ನನಗೆ ಹೊಳೆಯದ ಪ್ರಶ್ನೆ ಅವನಿಗೆ ಹೊಳೆದಿತ್ತು.

ಮರುವಾರವೇ ಕಿಟಕಿ ತೆರೆಸಿದೆ. ಕಾಯುವವರನ್ನು ಜಗುಲಿಗೆ, ಫ್ಯಾನಿನ ಕೆಳಗೆ ಕೂರಿಸಿದೆ. ನನ್ನ ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಕಾಂಪೌಂಡರ್ ಆರು ತಿಂಗಳು ಸರ್ಕಾರಿ ಆಸ್ಪತ್ರೆಯ ಉಚಿತ ಮಾತ್ರೆಗಳನ್ನು ತಪ್ಪದೆ ನುಂಗಿ ಪೂರ್ತಿ ಗುಣವಾದ. ಈಗಲೂ ನನ್ನೊಡನೆಯೇ ಇದ್ದಾನೆ. ಬೆಳಿಗ್ಗೆ ಬಂದವನು ಮೊದಲು ಕಿಟಕಿ ತೆರೆಯುತ್ತಾನೆ, ಆಮೇಲೆ ದೇವರಿಗೆ ಕೈಮುಗಿಯುತ್ತಾನೆ.

ಕಿಟಕಿಯ ಗುಣ ಹಳೆಯ ಕಾಲದ ಮಾತೆಂದು ತಿಳಿಯಬೇಡಿ. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಕಿಟಕಿ ಬಾಗಿಲು ತೆರೆದ ಕೋಣೆಗಳಲ್ಲಿ ಗಾಳಿ ಗಂಟೆಗೆ ಸುಮಾರು 28 ಸಲ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳಲ್ಲಿ ಸುಮಾರು 12 ಸಲ. ಎತ್ತರದ ಛಾವಣಿ, ದೊಡ್ಡ ಕಿಟಕಿಗಳಿದ್ದ ಹಳೆಯ ಕಟ್ಟಡಗಳೇ ಮೇಲೆಂದು ಕಂಡುಬಂದವು.

ಹವೆ ಯಾರಿಗಾಗಿ?

ಹವಾನಿಯಂತ್ರಣ ಮೊದಲು ಹುಟ್ಟಿದ್ದು ಮನುಷ್ಯನ ಸುಖಕ್ಕಲ್ಲ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಕಾಗದ ತೇವಕ್ಕೆ ಹಿಗ್ಗಿ ಕುಗ್ಗಿ ಬಣ್ಣಗಳು ಅತ್ತಿತ್ತ ಸರಿಯುತ್ತಿದ್ದವು. ಅದನ್ನು ತಡೆಯಲೆಂದು ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಈ ವ್ಯವಸ್ಥೆಯನ್ನು ರೂಪಿಸಿದ. ನಮ್ಮ ದಾವಣಗೆರೆಗೆ ಹೆಸರು ತಂದ ಹತ್ತಿ ಗಿರಣಿಗಳ ಕಥೆಯೂ ಬೇರೆಯಲ್ಲ. ಗಿರಣಿಗಳಲ್ಲಿ ಹವೆಯನ್ನು ತೇವವಾಗಿಡುತ್ತಿದ್ದುದು ನೂಲು ಕಡಿಯದಿರಲಿ ಎಂದು. ಅಲ್ಲಿ ಹತ್ತಿಯ ಧೂಳು ಕುಡಿದ ಕಾರ್ಮಿಕರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗ ಬರುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು ಅದರ ಲಕ್ಷಣ. ಕೆಲಸದ ಜಾಗದ ರೋಗವನ್ನು ಕಂಡುಹಿಡಿಯಲು ವೈದ್ಯರು ರಜೆಯ ದಿನದ ಬಗ್ಗೆ ವಿಚಾರಿಸುವುದು ಇದಕ್ಕೇ.

ಆಗ ಕಾಗದಕ್ಕಾಗಿ, ನೂಲಿಗಾಗಿ ಹವೆ ಬದಲಾಯಿಸಿದರು. ಈಗ ಗಿರಾಕಿಗಾಗಿ ಬದಲಾಯಿಸುತ್ತೇವೆ. ಗಿರಾಕಿ ಅರ್ಧ ಗಂಟೆ ಕೂತು, "ಆಹಾ, ತಂಪಾಗಿದೆ" ಎಂದು ಹೇಳಿ ಹೋಗುತ್ತಾರೆ. ಸೀರೆ ಮಡಿಚುವ ಹುಡುಗಿ, ಬಿಲ್ಲು ಬರೆಯುವ ಹುಡುಗ, ಪಾರ್ಲರಿನ ಹೆಂಗಸು ಅಲ್ಲೇ ಉಳಿಯುತ್ತಾರೆ. ಎ.ಸಿ.ಯ ರಿಮೋಟು ಗಲ್ಲಾದ ಡ್ರಾಯರಿನಲ್ಲಿರುತ್ತದೆ. ಯಂತ್ರ 18ಕ್ಕೆ ನಿಂತಿರುತ್ತದೆ. ಚಳಿಯಾದರೂ ಕೇಳುವಂತಿಲ್ಲ.

ನಮ್ಮ ಅಂಗಡಿಗಳ ಒಂದು ಅಭ್ಯಾಸವನ್ನೂ ಹೇಳಬೇಕು. ಬೆಳಿಗ್ಗೆ ಪೂಜೆ ಮಾಡಿ, ಊದಿನಕಡ್ಡಿ ಹಚ್ಚಿ, ಸಾಂಬ್ರಾಣಿ ಹೊಗೆ ತೋರಿಸಿ, ಅದು ಆರುವ ಮುನ್ನವೇ ಬಾಗಿಲು ಹಾಕಿ ಎ.ಸಿ. ಹಚ್ಚುತ್ತೇವೆ. ಆ ಹೊಗೆಯೆಲ್ಲ ಮಧ್ಯಾಹ್ನದವರೆಗೆ ಒಳಗೇ ಸುತ್ತುತ್ತದೆ. ಉಬ್ಬಸದವರಿಗೆ ಇಷ್ಟೇ ಸಾಕು. ಪಾರ್ಲರಿನ ರಾಸಾಯನಿಕಗಳ ವಾಸನೆ, ಮೊಬೈಲ್ ರಿಪೇರಿಯ ಬೆಸುಗೆ ಹೊಗೆ ಇವನ್ನೂ ಎ.ಸಿ. ಹೊರಹಾಕುವುದಿಲ್ಲ. ಪೂಜೆ ಬೇಡವೆನ್ನುವುದಿಲ್ಲ. ಹೊಗೆ ಹೋಗುವವರೆಗೆ ಬಾಗಿಲು ತೆರೆದಿಡಿ.

ಸರ್ವಿಸ್ ಎಂದರೆ ಇಷ್ಟು

ಬಹಳಷ್ಟು ಸಣ್ಣ ಅಂಗಡಿಗಳಲ್ಲಿ ಎ.ಸಿ. ಕೆಟ್ಟಾಗ ಮಾತ್ರ ಮೆಕ್ಯಾನಿಕ್ಕನ ನೆನಪಾಗುತ್ತದೆ. ವಾರ್ಷಿಕ ಒಪ್ಪಂದವಿದ್ದರೂ ಆತ ಬಂದು, ಜಾಲರಿ ಕೊಡವಿ, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಇಬ್ಬರಿಗೂ ಅವಸರ. ಮುಂದಿನ ಸಲ ಆತ ಬಂದಾಗ ಪಕ್ಕದಲ್ಲಿ ನಿಂತು ಇವನ್ನು ಮಾಡಿಸಿ.

ಮೊದಲನೆಯದು ಫಿಲ್ಟರ್. ಇದಕ್ಕೆ ಮೆಕ್ಯಾನಿಕ್ಕೂ ಬೇಡ. ಧೂಳಿನ ಅಂಗಡಿಯಾದರೆ ಎರಡು ವಾರಕ್ಕೊಮ್ಮೆ ಬರೀ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ ಹಾಕಿ. ತೊಳೆಯುವಾಗ ಮೂಗಿಗೆ ಬಟ್ಟೆ ಇರಲಿ.

ಎರಡನೆಯದು ಒಳಗಿನ ಕಾಯಿಲ್ ಮತ್ತು ಗಾಳಿ ತಳ್ಳುವ ಬ್ಲೋವರ್. ತೇವವೂ ಧೂಳೂ ಸೇರುವ ಈ ಕತ್ತಲ ಜಾಗದಲ್ಲಿ ಬೂಷ್ಟು ಕಪ್ಪಗೆ ಕೂರುತ್ತದೆ. ಹಾಕಿದ ಕೂಡಲೆ ಮುಗ್ಗಲು ವಾಸನೆ ಬಂದರೆ ಅದೇ ಗುರುತು. ಬೂಷ್ಟಿನ ಕಣಗಳು ಅಲರ್ಜಿಯವರಿಗೆ ಸೀನು, ಉಬ್ಬಸ ತರುತ್ತವೆ. ಕೆಲವರಲ್ಲಿ ಶ್ವಾಸಕೋಶದ ಉರಿಯೂತಕ್ಕೂ ಕಾರಣವಾಗಬಹುದು. ದಿನಕ್ಕೆ ಹತ್ತು ಗಂಟೆ ಓಡುವ ಯಂತ್ರಕ್ಕೆ ಮೂರು ನಾಲ್ಕು ತಿಂಗಳಿಗೊಮ್ಮೆ ನೀರಿನ ಪಂಪು ಹಚ್ಚಿ ಇವನ್ನು ತೊಳೆಸಬೇಕು. ಸುಗಂಧದ ಸ್ಪ್ರೇ ಹೊಡೆದು ವಾಸನೆ ಮುಚ್ಚಬೇಡಿ.

ಮೂರನೆಯದು ನೀರು. ಒಳಗಿನ ತಟ್ಟೆ, ನೀರು ಹರಿಯುವ ಪೈಪು ಪಾಚಿ ಕಟ್ಟಿರುತ್ತವೆ. ಇನ್ನು ಆ ಪೈಪಿನ ತುದಿಗೆ, ಅಂಗಡಿಯ ಹಿಂದೆ, ಒಂದು ಬಕೆಟ್ಟು ಇಟ್ಟಿರುತ್ತೀರಲ್ಲ? ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಅಂಥ ತಿಳಿನೀರೇ ತೊಟ್ಟಿಲು. ದಿನಾ ಚೆಲ್ಲಿ, ವಾರಕ್ಕೊಮ್ಮೆ ಒಳಬದಿ ಉಜ್ಜಿ ತೊಳೆಯಿರಿ.

ನಾಲ್ಕನೆಯದು ಗ್ಯಾಸು. ಅದು ವಾಹನದ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ವರ್ಷ ವರ್ಷ ತುಂಬಿಸುವುದು ದುಡ್ಡಿಗೂ ದಂಡ, ಹವೆಗೂ ಕೇಡು. ಹಳೆಯ ಯಂತ್ರಗಳ ಆರ್-22 ಅನಿಲ ಭೂಮಿಯ ಶಾಖ ಹೆಚ್ಚಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿನ ಸುಮಾರು 1,800 ಪಟ್ಟು. ಹೊಸ ಯಂತ್ರಗಳಲ್ಲಿ ಬರುವ ಆರ್-32, ಆರ್-290 ಅನಿಲಗಳು ಬೆಂಕಿ ಹತ್ತುವಂಥವು. ಆದ್ದರಿಂದ ಕೆಲಸ ಕಲಿತವರ ಕೈಯಲ್ಲೇ ಮಾಡಿಸಿ. ಆ ಹೊತ್ತಿನಲ್ಲಿ ಬಾಗಿಲು ತೆರೆದಿರಲಿ, ದೀಪ, ಊದಿನಕಡ್ಡಿ ಆರಿರಲಿ. ಮೂರನೆಯ ಮಹಡಿಯ ಗೋಡೆಗೆ ನೇತುಬಿದ್ದ ಪೆಟ್ಟಿಗೆಯನ್ನು ಬರಿಗಾಲಲ್ಲಿ ಹತ್ತಿ ರಿಪೇರಿ ಮಾಡುವ ಹುಡುಗನೂ ಯಾರದೋ ಮನೆಯ ಮಗ. ಸೊಂಟಕ್ಕೆ ಬೆಲ್ಟ್ ಕಟ್ಟದೆ ಹತ್ತಬೇಡವೆಂದು ಹೇಳುವುದು ಕೆಲಸ ಕೊಟ್ಟವರ ಧರ್ಮ.

ಐದನೆಯದು, ನನಗೆ ಆ ಹುಡುಗ ಕೇಳಿದ ಪ್ರಶ್ನೆ. ಹೊರಗಿನ ಗಾಳಿಗೆ ದಾರಿ ಎಲ್ಲಿ? ಒಂದು ಎಕ್ಸಾಸ್ಟ್ ಫ್ಯಾನ್, ಅದರ ಎದುರು ಬದಿಗೆ ಗಾಳಿ ಒಳಬರಲು ಒಂದು ಕಿಂಡಿ. ಎರಡೂ ಬೇಕು. ಒಳಬರುವ ದಾರಿಯಿಲ್ಲದೆ ಹೊರದೂಡುವ ಫ್ಯಾನು ತಿರುಗಿದರೂ ಗಾಳಿ ಸಾಗದು. ಕಿಟಕಿ ಇದ್ದವರು ಮೂರು ಬೆರಳಷ್ಟು ತೆರೆದಿಟ್ಟರೂ ಪ್ರಯೋಜನವುಂಟು. ದಿನಕ್ಕೆ ನಾಲ್ಕು ಸಲ ಹತ್ತು ನಿಮಿಷ ಬಾಗಿಲು ಪೂರ್ತಿ ತೆರೆಯಿರಿ.

ಸುಮ್ಮನೆ ಹೆದರುವುದೂ ಬೇಡ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಹಬ್ಬಿದ ನ್ಯುಮೋನಿಯಾದಿಂದ ಸುಮಾರು 30 ಮಂದಿ ಸತ್ತರು. ಅದಕ್ಕೆ ಲೀಜನೇರ್ ರೋಗವೆಂದೇ ಹೆಸರಾಯಿತು. ಅಂದಿನಿಂದ "ಎ.ಸಿ.ಯಿಂದ ನ್ಯುಮೋನಿಯಾ" ಎಂಬ ಭಯ ಉಳಿದಿದೆ. ಆ ರೋಗಾಣು ಬೆಳೆಯುವುದು ದೊಡ್ಡ ಕಟ್ಟಡಗಳ ಕೂಲಿಂಗ್ ಟವರಿನಂಥ ನೀರಿನ ವ್ಯವಸ್ಥೆಗಳಲ್ಲಿ. ಅಂಗಡಿಯ ಗೋಡೆಯ ಎ.ಸಿ.ಗೆ ಅಂಥ ಟವರಿಲ್ಲ. ನೆಗಡಿಯೂ ತಣ್ಣನೆ ಗಾಳಿಯಿಂದ ಹುಟ್ಟುವುದಿಲ್ಲ, ವೈರಸ್ಸಿನಿಂದ ಬರುತ್ತದೆ. ಒಣಗಾಳಿ ಮೂಗು ಗಂಟಲನ್ನು ಒಣಗಿಸುತ್ತದೆ, ಮುಚ್ಚಿದ ಕೋಣೆ ವೈರಸ್ಸನ್ನು ಹಂಚುತ್ತದೆ.

ಖರ್ಚಿನ ಮಾತು

"ಕಿಟಕಿ ತೆರೆದರೆ ಕರೆಂಟ್ ಬಿಲ್ ಯಾರು ಕಟ್ತಾರೆ ಡಾಕ್ಟ್ರೇ?" ಎಂದು ಆ ಸೀರೆ ಅಂಗಡಿಯ ಮಾಲೀಕರೇ ನನ್ನನ್ನು ಕೇಳಿದರು. ರಕ್ತದೊತ್ತಡ ತೋರಿಸಲು ಬಂದಿದ್ದರು. ನ್ಯಾಯವಾದ ಪ್ರಶ್ನೆ. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಎ.ಸಿ. ತೆಗೆಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬಿಸಿಲಿನ ಬೇಗೆಯೂ ರೋಗವೇ.

ಅವರ ಪ್ರಶ್ನೆಗೆ ಉತ್ತರ ರಿಮೋಟಿನಲ್ಲೇ ಇದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಲೆಕ್ಕದಂತೆ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆ. 2020ರ ಜನವರಿಯಿಂದ ಹೊಸ ಎ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂದು ನಿಯಮವೂ ಆಗಿದೆ. ನಾವೇ ಒತ್ತಿ ಒತ್ತಿ 18ಕ್ಕೆ ಇಳಿಸುತ್ತೇವೆ. 20ರಲ್ಲಿ ಇರುವುದನ್ನು 24ಕ್ಕೆ ಏರಿಸಿ, ಮೇಲೆ ಒಂದು ಫ್ಯಾನು ತಿರುಗಿಸಿ. ಹೆಚ್ಚುಕಡಿಮೆ ಕಾಲು ಪಾಲು ವಿದ್ಯುತ್ ಉಳಿದೀತು. ಸಣ್ಣ ಎಕ್ಸಾಸ್ಟ್ ಫ್ಯಾನಿಗೆ ಬೇಕಾದ್ದು ನಲವತ್ತು ವಾಟ್ ಮಾತ್ರ. ತೆರೆದ ಕಿಂಡಿಯಿಂದ ಸೋರುವ ತಂಪಿನ ಬೆಲೆಯನ್ನು ಈ ಉಳಿತಾಯವೇ ಬಹುಪಾಲು ತುಂಬಿಕೊಡುತ್ತದೆ. ತೊಳೆದ ಯಂತ್ರ ಕಡಿಮೆ ವಿದ್ಯುತ್ತಿನಲ್ಲಿ ಓಡುತ್ತದೆ ಎಂಬುದು ಮೇಲಿನ ಲಾಭ.

ಮಾಲೀಕರು ಲೆಕ್ಕದ ಮನುಷ್ಯ, ಒಪ್ಪಿದರು. ಮೆಕ್ಯಾನಿಕ್ ಬಂದು ತೊಳೆದಾಗ ಬಂದ ಕಪ್ಪುನೀರು ನೋಡಿ ಅವರೇ ಬೆಚ್ಚಿದರಂತೆ. ಹುಡುಗಿಗೆ ನಾನು ಕಬ್ಬಿಣಾಂಶದ ಮಾತ್ರೆಯನ್ನೂ ಕೊಟ್ಟಿದ್ದೆ. ತಿಂಗಳು ಬಿಟ್ಟು ಬಂದಾಗ ಕಣ್ಣುರಿ ಇರಲಿಲ್ಲ, ತಲೆನೋವು ಆಗೊಮ್ಮೆ ಈಗೊಮ್ಮೆ ಮಾತ್ರ. ಮಾತ್ರೆಯ ಗುಣವೆಷ್ಟು, ಗಾಳಿಯ ಗುಣವೆಷ್ಟು ಎಂದು ಬಿಡಿಸಿ ಹೇಳಲಾರೆ. ಮುಂಚಿನ ಎರಡು ತಿಂಗಳು ನುಂಗಿದ ತಲೆನೋವಿನ ಮಾತ್ರೆಗಳನ್ನಂತೂ ಅವಳು ನಿಲ್ಲಿಸಿದ್ದಳು.

ಓದುಗರೇ, ನಿಮ್ಮ ಮನೆಯ ಮಗನೋ ಮಗಳೋ ಇಂಥ ಅಂಗಡಿಯಲ್ಲಿ ದುಡಿಯುತ್ತಿರಬಹುದು. ನಿಮ್ಮ ಮಕ್ಕಳು ಸಂಜೆ ಮೂವತ್ತು ಜನರ ಟ್ಯೂಷನ್ ಕೋಣೆಯಲ್ಲಿ ಕೂರುತ್ತಿರಬಹುದು. ಕೆಲಸದ ದಿನ ಇದ್ದು ರಜೆಯ ದಿನ ಇಲ್ಲದ ಕೆಮ್ಮು, ಉಬ್ಬಸ, ತಲೆನೋವು ಇದ್ದರೆ ವೈದ್ಯರಿಗೆ ಆ ಮಾತನ್ನು ಬಿಡದೆ ಹೇಳಿ. ಎರಡು ವಾರ ಮೀರಿದ ಕೆಮ್ಮನ್ನು ಎ.ಸಿ.ಯ ತಲೆಗೆ ಕಟ್ಟಿ ಸುಮ್ಮನಾಗಬೇಡಿ, ಕಫ ಪರೀಕ್ಷೆ ಮಾಡಿಸಿ. ಅಂಗಡಿಯವರಾದರೆ ಎ.ಸಿ. ತೊಳೆಸಿದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು, ಎಲ್ಲರಿಗೂ ಕಾಣುವಂತೆ ಯಂತ್ರದ ಪಕ್ಕದಲ್ಲಿ ಅಂಟಿಸಿ. ಗಿರಾಕಿಗಳಾದರೆ ಆ ಚೀಟಿ ಎಲ್ಲಿ ಎಂದು ಕೇಳಿ. ಸೀರೆಯ ಬಣ್ಣ ಹೋಗುತ್ತದೆಯೇ ಎಂದು ನಾಲ್ಕು ಸಲ ಕೇಳುವ ನಮಗೆ ಇದೊಂದು ಪ್ರಶ್ನೆ ಭಾರವಲ್ಲ.

ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಗಾಳಿ ಬರುವ ದಾರಿಯನ್ನಾದರೂ ನಾವು ಮುಚ್ಚದಿರೋಣ.